ಎದುರು ಕುರ್ಚಿಯಿಂದ ಕಂಡದ್ದು

ನನ್ನ ಸೊಸೆ ಮಕ್ಕಳಿಗೆ ಚಿತ್ರಪುಸ್ತಕ ಮಾಡುತ್ತಾಳೆ. ಕತೆಯೂ ಅವಳದೇ, ಚಿತ್ರವೂ ಅವಳದೇ. ರಾಜಕುಮಾರಿ, ಮಾತಾಡುವ ಮೊಲ, ಇವೆಲ್ಲ ಅವಳ ಹತ್ತಿರ ಸುಳಿಯುವುದಿಲ್ಲ. ಕೆಲಸ ಹೋದ ಮೇಲೂ ದಿನಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂರುವ ಅಪ್ಪ, ಮಾತು ಬಿಟ್ಟ ಅಮ್ಮ-ಚಿಕ್ಕಮ್ಮಂದಿರ ನಡುವೆ ಸುದ್ದಿ ಸಾಗಿಸಿ ಸುಸ್ತಾಗುವ ಮಗು, ಇಂಥವರೇ ಅವಳಿಗೆ ಬೇಕು. ಮನೆಯಲ್ಲಿ ದಿನಾ ನೋಡುವುದನ್ನೇ ಪುಸ್ತಕದಲ್ಲಿ ಯಾರು ಓದುತ್ತಾರೆ ಎಂದು ನಾನು ಮೊದಮೊದಲು ಮೂಗು ಮುರಿದಿದ್ದೆ. ಆಮೇಲೆ ಆ ಚಿಕ್ಕಮ್ಮನ ಕತೆ ಓದಿದೆ. ಓದಿ, ಕೋಣೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಅವತ್ತೇ ನನ್ನ ತಂಗಿಗೆ ಫೋನ್ ಕೂಡ ಮಾಡಿದೆ. ಅಷ್ಟು ಕೆಲಸ ಮಾಡುತ್ತವೆ ಅವಳ ಪುಸ್ತಕಗಳು.

ಅವಳು ಚಿತ್ರ ಬರೆಯುವುದು ಊಟದ ಮೇಜಿನಲ್ಲಿ. ತಟ್ಟೆಯ ಪಕ್ಕದಲ್ಲಿ ಕಾಗದ, ಮುಡಿಗೆ ಸಿಕ್ಕಿಸಿದ ಪೆನ್ಸಿಲ್. ನಾವು ಉಣ್ಣುತ್ತಿದ್ದರೆ ಅವಳು ನಮ್ಮನ್ನು ಗೀಚುತ್ತಾಳೆ. ತನ್ನ ಕುರ್ಚಿ ಬಿಟ್ಟು ಏಳುವುದಿಲ್ಲ, ಹಾಗಾಗಿ ಯಾವ ಚಿತ್ರದಲ್ಲೂ ಅವಳು ಮಾತ್ರ ಇರುವುದಿಲ್ಲ. ಇನ್ನೊಂದು ನಿಯಮವನ್ನೂ ಅವಳೇ ಮಾಡಿಕೊಂಡಿದ್ದಾಳೆ. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಇದೇ ಮೇಜಿನಲ್ಲಿ ಎಲ್ಲರಿಗೂ ಓದಿ ತೋರಿಸಬೇಕು. ಚಿತ್ರದಲ್ಲಿರುವವರು 'ಇದು ನಾನಲ್ಲ' ಎಂದರೆ ಆ ಚಿತ್ರ ಹೋಯಿತು, ವಾದವಿಲ್ಲ. ಗದ್ದದ ಕೆಳಗೆ ಜೋತ ನನ್ನ ಎರಡನೇ ಗದ್ದವನ್ನು ತೆಗೆಸಲು ನಾನೊಮ್ಮೆ ಈ ನಿಯಮ ಹಿಡಿದು ಹೊರಟಿದ್ದೆ. "ಅಜ್ಜಿ, ಅದು ನಿಂದೇ" ಎಂದಳು ಮೊಮ್ಮಗಳು. ಗದ್ದ ಉಳಿಯಿತು.

ಈ ಮೊಮ್ಮಗಳು ನನ್ನ ಮಗನ ಮೊದಲ ಹೆಂಡತಿಯ ಮಗಳು. ಹೆತ್ತವಳು ಕಾಯಿಲೆಯಿಂದ ಹೋದಾಗ ಇವಳಿನ್ನೂ ಶಾಲೆಗೆ ಸೇರಿರಲಿಲ್ಲ. ನಾನು ಬದುಕಿಡೀ ಬಟ್ಟೆ ಹೊಲಿದು ಉಂಡವಳು. ಕಡ್ಡಿಯಂಥ ಮೈ, ಗುಂಡು ತಲೆ, ಮುಟ್ಟಿದರೆ ಚುಚ್ಚುವ ಮಾತು, ಅದಕ್ಕೇ ಅವಳನ್ನು ಗುಂಡುಸೂಜಿ ಎಂದು ಕರೆದೆ. ಈಗ ಅವಳಿಗೆ ಒಂಬತ್ತು. ಸೊಸೆ ಈ ಮನೆಗೆ ಬಂದು ಎರಡು ವರ್ಷವಾಯಿತು. ಗುಂಡುಸೂಜಿ ಅವಳನ್ನು 'ಆಂಟಿ' ಎನ್ನುತ್ತಾಳೆ. ಜಗಳವಿಲ್ಲ, ಹಟವಿಲ್ಲ. ಪಕ್ಕದ ಮನೆಯವರ ಜೊತೆ ಇರುವಷ್ಟು ಮರ್ಯಾದೆಯಿಂದ ಇರುತ್ತಾಳೆ. ಮಕ್ಕಳ ಮರ್ಯಾದೆಯಷ್ಟು ನೋಯಿಸುವುದು ಬೇರೆ ಇಲ್ಲ.

ಊಟಕ್ಕೆ ಅವರಿಬ್ಬರೂ ಎದುರುಬದುರು. ಸೊಸೆಯ ಕುರ್ಚಿಯ ಹಿಂದಿನ ಗೋಡೆಯಲ್ಲಿ, ಅವಳ ತಲೆಗಿಂತ ಒಂದು ಗೇಣು ಮೇಲೆ, ಹೋದವಳ ಫೋಟೋ ಇದೆ. ಹುಡುಗಿ ತುತ್ತು ಬಾಯಿಗಿಟ್ಟು ಆ ಕಡೆಯೇ ನೋಡುತ್ತ ಕೂರುವಳು. ಒಣಗಿದ ಬಟ್ಟೆ ಮಡಚುವಾಗ ಒಂದು ದಿನ ಸೊಸೆ ಹೇಳಿದಳು, "ಅವಳು ಫೋಟೋ ನೋಡ್ತಾಳೆ ಅತ್ತೆ. ನಾನು ಮಧ್ಯದಲ್ಲಿ ಅಡ್ಡ ಕೂತಿದೀನಿ ಅನ್ಸುತ್ತೆ."

"ಫೋಟೋನ ನನ್ನ ಕೋಣೆಗೆ ಹಾಕಿಸಲಾ?"

"ಬೇಡ. ಆ ಗೋಡೆ ಅವರದು. ನಾನು ಕುರ್ಚಿಗೆ ಬಂದವಳು, ಗೋಡೆಗಲ್ಲ."

ಆಡಿಕೊಳ್ಳಲು ಒಂದು ತಪ್ಪು ಸಿಗಲಿ ಎಂದು ಕಾಯುವ ಅತ್ತೆಯರಿಗೆ ಇಂಥ ಸೊಸೆ ಸಿಕ್ಕರೆ ಏನು ಮಾಡಬೇಕು, ನೀವೇ ಹೇಳಿ.

ಈ ಸಲದ ಪುಸ್ತಕ ಇದರ ಮೇಲೆಯೇ. ಒಂದು ಮನೆ, ಒಬ್ಬ ಹುಡುಗಿ, ಹೊಸದಾಗಿ ಬಂದ ಹೆಂಗಸು. ಚಿತ್ರಗಳೆಲ್ಲ ಆ ಹೆಂಗಸಿನ ಕುರ್ಚಿಯಿಂದ ಕಂಡ ಹಾಗೆ. ವರ್ಷವಿಡೀ ಕೂತು ಬರೆದಿದ್ದಳು. ಪ್ರಕಾಶಕಿ ಮನೆಗೇ ಬಂದು ಹಾಳೆ ತಿರುವಿ ನೋಡಿದರು. ಚಿತ್ರಗಳನ್ನು ಬಾಯ್ತುಂಬ ಹೊಗಳಿದರು. ಆಮೇಲೆ ಹುಬ್ಬು ಗಂಟಿಕ್ಕಿದರು.

"ಕೊನೇ ಪುಟ ಖಾಲಿ ಇದೆಯಲ್ಲ?"

"ಕೊನೆ ಇನ್ನೂ ಆಗಿಲ್ಲ" ಎಂದಳು ಸೊಸೆ.

"ಆಗೋದೇನು, ಬರೆದುಬಿಡಿ. ಹುಡುಗಿ ಓಡಿ ಬಂದು ಅಪ್ಪಿಕೊಂಡು ಅಮ್ಮ ಅಂತಾಳೆ. ಓದೋರಿಗೆ ಅದೇ ಬೇಕು."

"ಅವಳ ಬಾಯಲ್ಲಿ ಬರದೇ ಇರೋ ಮಾತನ್ನ ನಾನು ಹೇಗೆ ಕಿತ್ತುಕೊಂಡು ಬರೀಲಿ?"

ಕಡ್ಡಿ ಮುರಿದ ಹಾಗೆ ಹೇಳಿದಳು. ವಾರದೊಳಗೆ ಕೊನೆ ಬರದಿದ್ದರೆ ಈ ಪುಸ್ತಕವನ್ನು ಬಿಟ್ಟುಬಿಡೋಣ ಎಂದು ಪ್ರಕಾಶಕಿ ಮೆತ್ತಗೆ ಹೇಳಿ ಎದ್ದರು.

ನಿಯಮ ನಿಯಮವೇ. ಕೊನೆಯಿಲ್ಲದ ಪುಸ್ತಕವನ್ನೇ ಮರುದಿನ ಮಧ್ಯಾಹ್ನ ಓದಿದಳು. ಸಾಲಿನ ಮೇಲಿಂದ ಬೆರಳು ತೆಗೆಯಲೇ ಇಲ್ಲ. ಹುಡುಗಿ ಬೇಡವೆಂದರೆ ವರ್ಷದ ಕೆಲಸ ನೀರುಪಾಲು ಎಂಬುದಲ್ಲ ಅವಳ ಭಯ. ನೀನು ನನ್ನ ಕತೆಯಲ್ಲಿ ಇರಬೇಡ ಎಂದು ಅದರ ಅರ್ಥವಾದೀತು ಎಂಬುದೇ ಭಯ. ನನ್ನ ಮಗ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದ. ನಾನು ಡಬ್ಬಿ ಕಿತ್ತುಕೊಂಡೆ.

ಓದು ಮುಗಿಯಿತು. ಗುಂಡುಸೂಜಿ ಹಾಳೆಗಳನ್ನು ತನ್ನತ್ತ ಎಳೆದುಕೊಂಡು ಮತ್ತೆ ಮೊದಲಿಂದ ನೋಡಿದಳು.

"ಇದು ನಾನಲ್ಲ" ಎಂದಳು.

ಸೊಸೆ ತಲೆಯಾಡಿಸಿ ಹಾಳೆ ಜೋಡಿಸಿಕೊಳ್ಳಲು ಕೈ ಚಾಚಿದಳು. "ಸರಿ ಪುಟ್ಟ. ತೆಗೆದುಬಿಡ್ತೀನಿ."

"ಎಲ್ಲ ಅಲ್ಲ. ಕಣ್ಣು." ಹುಡುಗಿ ಬೆರಳಿಟ್ಟು ತೋರಿಸಿದಳು. "ಎಲ್ಲದರಲ್ಲೂ ಮೇಲೆ ನೋಡ್ತಿರೋ ಹಾಗೆ ಬರೆದಿದೀರಿ. ನಾನು ಅಲ್ಲಿ ನೋಡಲ್ಲ."

"ಫೋಟೋ ನೋಡ್ತೀಯಲ್ಲ?"

ಹುಡುಗಿ ಮೇಜು ಸುತ್ತಿ ಬಂದು ಸೊಸೆಯ ಮುಡಿಯಿಂದ ಪೆನ್ಸಿಲ್ ಎಳೆದುಕೊಂಡು, ವಾಪಸು ತನ್ನ ಕುರ್ಚಿಯಲ್ಲಿ ಕೂತು, ಆ ಖಾಲಿ ಕೊನೇ ಹಾಳೆಯಲ್ಲಿ ಬರೆಯತೊಡಗಿದಳು. ಬರೆಯುವಾಗ ತಲೆ ಎತ್ತಲೇ ಇಲ್ಲ. ಅನ್ನ ಆರಿಹೋಯಿತು, ಯಾರೂ ಮುಟ್ಟಲಿಲ್ಲ.

ಹಾಳೆ ನಮ್ಮ ಕಡೆ ತಿರುಗಿಸಿದಾಗ ನೋಡಿದೆ. ಮೇಲೆ ಒಂದು ಚೌಕ, ಅದರಲ್ಲಿ ನಗುವ ಅವಳಮ್ಮ, ನಾಲ್ಕೇ ಗೆರೆ. ಕೆಳಗೆ ಹಾಳೆಯ ತುಂಬ ನನ್ನ ಸೊಸೆ. ಮುಡಿಯಲ್ಲಿ ಪೆನ್ಸಿಲ್. ಎಡಗಿವಿಯ ಕೆಳಗಿನ ಮಚ್ಚೆ. ರವಿಕೆಯ ತೋಳಿನ ಬಿಚ್ಚಿದ ಹೊಲಿಗೆ. ದರ್ಜಿಯಾದ ನಾನೇ ಅದನ್ನು ಕಂಡಿರಲಿಲ್ಲ, ನಾಚಿಕೆಯಾಯಿತು. ಯಾರಾದರೂ ತಟ್ಟೆಯಲ್ಲಿ ಉಳಿಸಿದರೆ ಅವಳು ಕಚ್ಚಿಕೊಳ್ಳುವ ಕೆಳತುಟಿ ಕೂಡ ಇತ್ತು.

ಸೊಸೆ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅಮ್ಮಂದು ಯಾಕೆ ಇಷ್ಟು ಚಿಕ್ಕದು?" ಎಂದು ಕೇಳಿದಳು. ಅದನ್ನೇ ಮೊದಲು ಕೇಳಿದಳು ನೋಡಿ, ಅದಕ್ಕೇ ನಾನು ಅವಳಿಗೆ ಸೋತದ್ದು.

"ಅಮ್ಮನ್ನ ನನಗೆ ನೋಡದೇ ಬರೆಯೋಕೆ ಬರುತ್ತೆ" ಎಂದಳು ಗುಂಡುಸೂಜಿ. "ನಿಮ್ಮನ್ನ ನೋಡ್ಕೊಂಡು ಕಲೀಬೇಕಾಯ್ತು. ಅದಕ್ಕೆ ದಿನಾ ನೋಡ್ತಿದ್ದೆ."

ಸೊಸೆ ಮುಖ ಮುಚ್ಚಿಕೊಂಡಳು. ನನ್ನ ಮಗ ಎದ್ದು ನೀರು ತರುವ ನೆಪದಲ್ಲಿ ಒಳಗೆ ಹೋದ. ನನಗೆ ನೆಪ ಬೇಕಿರಲಿಲ್ಲ, ಅಲ್ಲೇ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಕೊನೇ ಪುಟ ಹಾಗೆಯೇ ಅಚ್ಚಾಗಿದೆ, ಅಕ್ಷರವಿಲ್ಲದೆ. ಪ್ರಕಾಶಕಿ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು, ಅಪ್ಪುಗೆಯ ಮಾತನ್ನು ಮತ್ತೆ ಎತ್ತಲಿಲ್ಲ. ಮನೆಯಲ್ಲಿ ಈಗಲೂ 'ಆಂಟಿ'ಯೇ. ಸೊಸೆ ಉಳಿದ ಎಲ್ಲ ಪುಟಗಳಲ್ಲಿ ಹುಡುಗಿಯ ಕಣ್ಣನ್ನು ಒಂದು ಕೂದಲೆಳೆಯಷ್ಟು ಕೆಳಗಿಳಿಸಿ ತಿದ್ದಿದಳು. ಅಷ್ಟಕ್ಕೇ ಪುಸ್ತಕ ಬೇರೆಯಾಯಿತು. ಯಾವ ಪುಟ ತೆರೆದರೂ ಹುಡುಗಿ ನೆಟ್ಟಗೆ ನಮ್ಮನ್ನೇ ನೋಡುತ್ತಾಳೆ. ಓದುವ ಮಕ್ಕಳೆಲ್ಲ ಅವಳು ನೋಡುತ್ತಿರುವುದು ತಮ್ಮನ್ನೇ ಎಂದುಕೊಳ್ಳುತ್ತಾರಂತೆ. ಎಂದುಕೊಳ್ಳಲಿ. ಆ ಕುರ್ಚಿಯಲ್ಲಿ ಯಾರು ಕೂತಿದ್ದರೆಂದು ನಮ್ಮ ಮನೆಯವರಿಗೆ ಗೊತ್ತು.