ಮುಚ್ಚಳ

ಸೌಟು ಹಂಡೆಯ ಬಾಯಲ್ಲೇ ನಿಂತಿತು. ಅದನ್ನು ಒಳಕ್ಕೆ ಇಳಿಸದೆ, ನೀರಿನ ಮೇಲೆ ಬಿದ್ದ ಎಲೆಯನ್ನು ಎತ್ತುವವರ ಹಾಗೆ ಓರೆಯಾಗಿ ಹಿಡಿದು, ಅಡುಗೆಯವಳು ಮೇಲಿನ ತಿಳಿಯನ್ನಷ್ಟೇ ತುಂಬಿಕೊಂಡಳು. ಎದುರಿಗೆ ಚಾಚಿದ್ದ ಸ್ಟೀಲ್ ಡಬ್ಬಿಯೊಳಗೆ ಅದು ಚರ್ರನೆ ಬಿತ್ತು. ಗಟ್ಟಿ ಸಾರು ಬೀಳುವ ಸದ್ದೇ ಬೇರೆ, ದೊಪ್ಪನೆ ಬರುತ್ತದೆ. ವ್ಯತ್ಯಾಸ ಹಂಡೆಯ ಈಚೆ ನಿಂತವಳಿಗೂ ಗೊತ್ತಾಯಿತು, ಆಚೆ ನಿಂತವಳಿಗೂ ಗೊತ್ತಾಯಿತು.

"ಮುಂದಿನವರು ಬನ್ನಿ," ಎಂದಳು ಅಡುಗೆಯವಳು.

ಡಬ್ಬಿಯವಳು ಮುಚ್ಚಳ ಒತ್ತಿ, ಡಬ್ಬಿಯನ್ನು ಬಟ್ಟೆಯ ಚೀಲದೊಳಗೆ ಇಳಿಸಿ, ಅನ್ನದ ಪೊಟ್ಟಣವನ್ನು ಅದರ ಮೇಲಿಟ್ಟು, ಶಾಲೆಯ ಹಿಂಗೋಡೆಗೆ ಒತ್ತಿಕೊಂಡಿದ್ದ ಓಣಿ ಹಿಡಿದಳು. ಅವಳ ಮನೆಗೆ ನೇರವಾದ ದೊಡ್ಡ ಬೀದಿಯೇ ಇತ್ತು. ಓಣಿಯಲ್ಲಿ ಚರಂಡಿಯ ಕಲ್ಲುಚಪ್ಪಡಿಗಳು ಒಡೆದು, ಒಂದರಿಂದ ಇನ್ನೊಂದಕ್ಕೆ ಹಾರಿಕೊಂಡು ಹೋಗಬೇಕಿತ್ತು. ಆದರೂ ಅವಳು ದಿನವೂ ಓಣಿಯಲ್ಲೇ ಹೋಗುತ್ತಿದ್ದಳು.

ಕಾಯಿಲೆ ಹಬ್ಬಿ ಶಾಲೆಗೆ ಬೀಗ ಬಿದ್ದಿತ್ತು. ಆದರೆ ಅಡುಗೆಮನೆ ತೆರೆದೇ ಇತ್ತು. "ಪಾಠಕ್ಕೆ ರಜೆ ಕೊಡಬಹುದು, ಹೊಟ್ಟೆಗೆ ಕೊಡೋಕಾಗುತ್ತಾ?" ಎಂದು ಹೊಸ ಹೆಡ್‌ಮಾಸ್ಟರು ಗೇಟಿನ ಬಳಿ ಮೇಜು ಹಾಕಿಸಿ, ನೆಲದ ಮೇಲೆ ಸುಣ್ಣದಲ್ಲಿ ವೃತ್ತಗಳನ್ನು ಬರೆಸಿದ್ದರು. ಮಕ್ಕಳ ಊಟವನ್ನು ಮನೆಯವರು ಬಂದು ಒಯ್ಯಬೇಕು, ಪಾತ್ರೆ ತಮ್ಮದೇ ತರಬೇಕು. ವೃತ್ತಕ್ಕೊಬ್ಬರಂತೆ ಪಾತ್ರೆಗಳು ನಿಲ್ಲುತ್ತಿದ್ದವು: ಹಿಡಿ ಹೋದ ಕುಕ್ಕರು, ಬಣ್ಣದ ಬಕೀಟು, ಒಬ್ಬ ತಾತನ ಕೈಯಲ್ಲಿ ಹಾಲಿನ ಕ್ಯಾನು.

ಕುದಿ ನಿಂತ ಸಾರು ತನ್ನಷ್ಟಕ್ಕೆ ತಾನೇ ಪದರ ಪದರವಾಗಿ ಬೇರೆಯಾಗುತ್ತದೆ. ಬೇಳೆ ಮತ್ತು ಗೆಡ್ಡೆಯ ಹೋಳು ತಳಕ್ಕೆ ಇಳಿಯುತ್ತವೆ, ಸೊಪ್ಪಿನ ಚೂರು ನಡುವೆ ತೇಲುತ್ತದೆ, ಮೇಲೆ ಉಳಿಯುವುದು ಹಳದಿ ನೀರು ಮತ್ತು ಎಣ್ಣೆಯ ಚುಕ್ಕಿ. ಪ್ರತಿ ಸಲ ತಳದಿಂದ ತಿರುವಿ ಬಡಿಸಿದರೆ ಮಾತ್ರ ಎಲ್ಲರಿಗೂ ಒಂದೇ ಊಟ. ತಿರುವುವುದು, ಬಿಡುವುದು ಕೈಗೆ ಬಿಟ್ಟದ್ದು. ಅಕ್ಕಿ ತೂಗಿ ನೋಡುವ, ಬೇಳೆ ಮುಟ್ಟಿ ನೋಡುವ ಅಧಿಕಾರಿಗಳಿದ್ದರು. ಸೌಟು ಎಷ್ಟು ಆಳಕ್ಕೆ ಇಳಿಯಿತೆಂದು ನೋಡುವವರು ಯಾರೂ ಇರಲಿಲ್ಲ.

ಡಬ್ಬಿಯವಳು ದೊಡ್ಡ ಬೀದಿಯ ಫೋಟೊ ಸ್ಟುಡಿಯೋದವನ ಹೆಂಡತಿ. ಎಲ್ಲರೂ ಸ್ಟುಡಿಯೋದಮ್ಮ ಎನ್ನುತ್ತಿದ್ದರು. ಈಗ ಮದುವೆಗಳಿಲ್ಲ, ಪರೀಕ್ಷೆಗಳಿಲ್ಲ, ಪ್ರಯಾಣವಿಲ್ಲ; ಫೋಟೊ ಯಾರಿಗೆ ಬೇಕು? ಸ್ಟುಡಿಯೋದ ಶಟರು ಇಳಿದಿತ್ತು. ಮೊದಲ ದಿನ ಅವಳು ಸಾಲಿನಲ್ಲಿ ಕಾಣಿಸಿದಾಗ ಕಣ್ಣಿನ ಕೆಳಗೆ ಇದ್ದದ್ದೆಲ್ಲ ಮಾಸ್ಕು. ಆದರೂ ಅಡುಗೆಯವಳು ಗುರುತಿಸಿದಳು. ಏನನ್ನು ನೋಡಿದರೂ ಚೌಕಟ್ಟು ಕಟ್ಟುವವಳಂತೆ ಎಡಗಣ್ಣನ್ನು ಕಿರಿದು ಮಾಡುವ ಆ ಚಾಳಿಯನ್ನು ಅವಳು ಹೇಗೆ ಮರೆತಾಳು!

ಅದೇ ಗೇಟು. ಕಾಯಿಲೆ ಬರುವ ಮುಂಚೆ ಶಾಲೆಯಲ್ಲಿ ಈ ಅಡುಗೆಯವಳೂ ಅವಳ ಅಕ್ಕನೂ ಇಬ್ಬರೂ ಅಡುಗೆಗಿದ್ದರು. ಮಕ್ಕಳು ಅಕ್ಕನನ್ನು ದೊಡ್ಡ ಸೌಟು ಎಂದೂ ತಂಗಿಯನ್ನು ಸಣ್ಣ ಸೌಟು ಎಂದೂ ಕರೆಯುತ್ತಿದ್ದರು. ಸ್ಟುಡಿಯೋದಮ್ಮ ಪೋಷಕರ ಸಮಿತಿಯ ಮುಖ್ಯಸ್ಥೆ. ಅಡುಗೆಮನೆಯಿಂದ ಸಾಮಾನು ಹೋಗುತ್ತಿದೆ ಎಂದು ಯಾರೋ ಅವಳ ಕಿವಿಯಲ್ಲಿ ಊದಿದ್ದರು. ಒಂದು ಸಂಜೆ, ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ, ಮಕ್ಕಳೂ ತಾಯಂದಿರೂ ಗಿಜಿಗುಡುತ್ತಿದ್ದಾಗ ಅವಳು ಡಬ್ಬಿ ಹಿಡಿದು ಮನೆಗೆ ಹೊರಟಿದ್ದ ಅಕ್ಕನ ಎದುರಿಗೆ ಬಂದು ನಿಂತಳು.

"ಮುಚ್ಚಳ ತೆಗಿ," ಎಂದಳು.

ಅಕ್ಕ ತೆಗೆದಳು. ಒಳಗಿದ್ದದ್ದು ಹಂಡೆ ತೊಳೆಯುವ ಮುಂಚೆ ಕೆರೆದ, ತಳ ಹಿಡಿದು ಕಂದಾದ ಅನ್ನದ ಚಕ್ಕೆ. ತೊಟ್ಟಿಗೆ ಹೋಗಬೇಕಾದದ್ದು. ಸ್ಟುಡಿಯೋದಮ್ಮ ಮೊಬೈಲು ತೆಗೆದು ಮೇಲಿನಿಂದ ಹಿಡಿದಳು. ಎಡಗಣ್ಣು ಕಿರಿದು ಮಾಡಿದಳು. "ನೆರಳು ಬೀಳ್ತಿದೆ. ಡಬ್ಬಿ ಈ ಕಡೆ ತಿರುಗಿಸು," ಎಂದಳು.

ಅಕ್ಕ ತಿರುಗಿಸಿದಳು.

ತಂಗಿಗೆ ಉಳಿದದ್ದೆಲ್ಲ ಒಂದು ತೂಕ, ಇದೊಂದೇ ಒಂದು ತೂಕ. ಫೋಟೊ ಊರೆಲ್ಲ ಸುತ್ತಿದ್ದು, ಹಳೆಯ ಹೆಡ್‌ಮಾಸ್ಟರು ಮುಖ ನೋಡದೆ ಅಕ್ಕನನ್ನು ಕೆಲಸದಿಂದ ಬಿಡಿಸಿದ್ದು, ಇವನ್ನೆಲ್ಲ ಅವಳು ಹಲ್ಲು ಕಚ್ಚಿ ನುಂಗಿದ್ದಳು. ಅಕ್ಕನ ಕೈ ತಾನಾಗಿ ಡಬ್ಬಿಯನ್ನು ಬೆಳಕಿಗೆ ತಿರುಗಿಸಿದ್ದು ಮಾತ್ರ ಗಂಟಲಿನಿಂದ ಕೆಳಗೆ ಇಳಿದಿರಲಿಲ್ಲ. ಆಮೇಲೆ ಅಕ್ಕ ದೊಡ್ಡ ಬೀದಿಗೆ ಕಾಲಿಡಲಿಲ್ಲ. ಮನೆಯಲ್ಲೇ ಕೂತು ದಿನಸಿ ಅಂಗಡಿಗೆ ಬೆಳ್ಳುಳ್ಳಿ ಬಿಡಿಸಿಕೊಡುತ್ತಿದ್ದಳು. ಮನೆಯ ಪಾತ್ರೆಯ ತಳವನ್ನೂ ಕೆರೆಯುತ್ತಿರಲಿಲ್ಲ, ನೀರು ಹೊಯ್ದು ನೆನೆಯಲು ಬಿಡುತ್ತಿದ್ದಳು.

ಹೀಗಿರುವಾಗ ಮೊದಲ ದಿನದ ತಿಳಿನೀರಿನ ಸುದ್ದಿಯನ್ನು ತಂಗಿ ಮನೆಗೆ ಹೊತ್ತು ತಂದಾಗ ಅಕ್ಕನ ಕೈಯಲ್ಲಿದ್ದ ಬೆಳ್ಳುಳ್ಳಿ ಹಾಗೇ ನಿಂತಿತು.

"ಅವಳಾ? ನಮ್ಮ ಸಾಲಲ್ಲಾ?"

"ಅವಳೇ ಕಣೆ ಅಕ್ಕ. ಚೀಲದೊಳಗೆ ಡಬ್ಬಿ ಬಚ್ಚಿಟ್ಕೊಂಡು. ಕಳ್ಳಬೆಕ್ಕಿನ ಥರ."

"ಎಷ್ಟು ಹಾಕ್ದೆ?"

"ಹಾಕಿದ್ದು ಎಲ್ಲರಷ್ಟೇ. ಆದ್ರೆ ಬರೀ ನೀರು. ಅದ್ರಲ್ಲಿ ಅವಳು ಮುಖ ನೋಡ್ಕೋಬಹುದು."

"ಏನಂದ್ಲು?"

"ಏನಂತಾಳೆ? ಬಾಯಿ ಹೊಲ್ದಿತ್ತು."

ಅಕ್ಕ ನಕ್ಕಳು. ದೊಡ್ಡ ನಗುವೇನಲ್ಲ, ಮೂಗಿನಿಂದ ಹೊರಟ ಗಾಳಿಯಷ್ಟು. ಆದರೆ ಆ ಮನೆಯಲ್ಲಿ ಅಂಥ ಗಾಳಿ ಬೀಸಿ ಎಷ್ಟೋ ಕಾಲವಾಗಿತ್ತು. ರಾತ್ರಿಯ ಊಟಕ್ಕೆ ಅವಳು ಇನ್ನೊಂದು ಸಲ ಅನ್ನ ಕೇಳಿದಳು.

ಅಲ್ಲಿಂದ ಅದು ದಿನದ ಪಾಠವಾಯಿತು. ತಂಗಿ ಮನೆಗೆ ಬಂದು ಕೈಕಾಲು ತೊಳೆಯುವ ಮುಂಚೆಯೇ ಅಕ್ಕ, "ಬಂದಿದ್ಲಾ?" ಎನ್ನುವಳು. ತಂಗಿ ಸೌಟು ಹಿಡಿದ ರೀತಿಯನ್ನು ಅಭಿನಯಿಸಿ ತೋರಿಸುವಳು. ಸುದ್ದಿಗೆ ಸ್ವಲ್ಪ ಒಗ್ಗರಣೆಯನ್ನೂ ಹಾಕುವಳು. ಅಕ್ಕನ ಕೆನ್ನೆಗೆ ಬಣ್ಣ ಬರತೊಡಗಿತು. ಒಬ್ಬರ ಡಬ್ಬಿಯಲ್ಲಿ ಕಮ್ಮಿಯಾದದ್ದು ಇನ್ನೊಬ್ಬರ ಮೈಗೆ ಸೇರುತ್ತಿದೆಯೋ ಎನ್ನುವ ಹಾಗೆ. ತಂಗಿಯ ಹೊಟ್ಟೆ ತಣ್ಣಗಿತ್ತು. ಬೆಳಿಗ್ಗೆ ಎದ್ದರೆ ಅವಳಿಗೆ ಮೊದಲು ನೆನಪಾಗುತ್ತಿದ್ದದ್ದು ಆ ಚರ್ರೆನ್ನುವ ಸದ್ದು.

ಒಂದು ದಿನ ಸ್ಟುಡಿಯೋದಮ್ಮ ಮಗಳನ್ನೂ ಕರೆದುಕೊಂಡು ಬಂದಳು. ಅಂಗಿಯ ತೋಳಿನೊಳಗೆ ಕೈ ಕಳೆದುಹೋದ ಹಾಗೆ ತೆಳ್ಳಗಿದ್ದ ಹುಡುಗಿ. ಶಾಲೆ ನಡೆಯುತ್ತಿದ್ದಾಗ ಅವಳು ಮನೆಯಿಂದ ಬಣ್ಣದ ಡಬ್ಬಿಯಲ್ಲಿ ಊಟ ತರುತ್ತಿದ್ದಳು, ಹಂಡೆಯ ಕಡೆ ಸುಳಿದವಳೇ ಅಲ್ಲ. ಈಗ ಮೇಜಿಗೆ ಗಲ್ಲ ಊರಿ, ಮುಂದಿನ ತಾತನ ಕ್ಯಾನಿಗೆ ದೊಪ್ಪನೆ ಬಿದ್ದ ಸಾರನ್ನು ನೋಡಿದಳು. ಆಮೇಲೆ ತಮ್ಮ ಡಬ್ಬಿಗೆ ಬಿದ್ದದ್ದನ್ನು ನೋಡಿದಳು.

"ಅಮ್ಮಾ, ನಮಗೆ ಮಾತ್ರ ಯಾಕೆ ಬೇಳೆ ಬರಲ್ಲ?"

"ಸುಮ್ನಿರು."

"ತಾತಂಗೆ ಬಂತಲ್ಲ?"

"ಸುಮ್ನಿರು ಅಂದೆ!"

ತಾಯಿ ಮಗಳ ರಟ್ಟೆ ಹಿಡಿದು ಓಣಿಯ ಕಡೆ ಎಳೆದಳು. ತಾತ ಕ್ಯಾನಿನೊಳಗೆ ಇಣುಕಿ, "ನಂದ್ರಲ್ಲಿ ಬೇಕಾದಷ್ಟಿದೆಯಪ್ಪ, ಹಲ್ಲೇ ಇಲ್ಲ," ಎಂದ. ಯಾರೋ ನಕ್ಕರು. ತಂಗಿ ನಗಲಿಲ್ಲ. ಹುಡುಗಿ ಹಿಂತಿರುಗಿ ನೋಡುತ್ತಿದ್ದಳು; ಅವಳಿಗೂ ಎಡಗಣ್ಣು ಕಿರಿದು ಮಾಡುವ ಚಾಳಿಯಿತ್ತು. ತಂಗಿ ಆಮೇಲಿನ ಪಾತ್ರೆಗಳಿಗೆ ಬೇಕಾದ್ದಕ್ಕಿಂತ ಜೋರಾಗಿ ಹಂಡೆ ತಿರುವಿದಳು.

ಮನೆಯಲ್ಲಿ ಅಕ್ಕ ಎಂದಿನಂತೆ ಕೇಳಿದಳು. ಈ ಮಾತನ್ನು ಬಚ್ಚಿಡೋಣ ಎಂದುಕೊಂಡಿದ್ದರೂ ತಂಗಿಯ ಬಾಯಿ ತಡೆಯಲಿಲ್ಲ. ಅಕ್ಕ ಬೆಳ್ಳುಳ್ಳಿಯ ಸಿಪ್ಪೆಯನ್ನು ಬೆರಳಲ್ಲಿ ಉಜ್ಜಿದಳು.

"ಮಗು ಕೇಳ್ತಾ?"

"ಹೂಂ."

"ಅದಕ್ಕೇನು ಉತ್ತರ ಕೊಟ್ಳು?"

"ಸುಮ್ನಿರು ಅಂದ್ಲು." ತಂಗಿ ದನಿ ಏರಿಸಿದಳು. "ನೋಡು, ಆ ಮಗು ಮೇಲೆ ನಂಗೇನೂ ಇಲ್ಲ. ಆದ್ರೆ ಅವತ್ತು ನಿನ್ನ ನೋಡಿ ನಕ್ಕ ಮಕ್ಕಳೂ ಮಕ್ಕಳೇ ಅಲ್ವಾ? ಅವಳು ಅವತ್ತು ಯೋಚನೆ ಮಾಡಿದ್ಲಾ?"

"ನಾನೇನಾದ್ರೂ ಅಂದ್ನಾ ನಿಂಗೆ?" ಎಂದಳು ಅಕ್ಕ. ಸಿಪ್ಪೆಯನ್ನು ಮೊರದಿಂದ ಊದಿದಳು. "ನೀನು ಕಮ್ಮಿ ಕೊಡ್ತಾ ಇದೀಯ. ಕಮ್ಮಿ ಕೊಟ್ರೆ ಯಾರ ಕಣ್ಣಿಗೆ ಕಾಣುತ್ತೆ? ಅವಳಿಗೊಬ್ಬಳಿಗೆ, ನಿನಗೊಬ್ಬಳಿಗೆ. ಮುಚ್ಚಳ ಹಾಕಿದ್ಮೇಲೆ ಮುಗೀತು."

"ಮತ್ತೇನು ಮಾಡ್ಬೇಕಿತ್ತು?"

"ನಾಳೆ ನಾನೂ ಬರ್ತೀನಿ," ಎಂದಳು ಅಕ್ಕ.

ಜೊತೆಯ ಸಹಾಯಕಿ ಜ್ವರ ಬಂದು ಮಲಗಿದ್ದರಿಂದ ಅಡುಗೆಮನೆಯಲ್ಲಿ ಕೈ ಕಮ್ಮಿಯಿತ್ತು. ಹೊಸ ಹೆಡ್‌ಮಾಸ್ಟರಿಗೆ ಹಳೆಯ ಕಥೆ ಗೊತ್ತಿರಲಿಲ್ಲ. "ಒಳ್ಳೇದಾಯ್ತು, ಬನ್ನಿ ಬನ್ನಿ," ಎಂದು ಒಂದು ಏಪ್ರನ್ ಕೊಟ್ಟರು. ಅಕ್ಕ ಅದನ್ನು ಕಟ್ಟಿಕೊಂಡು, ಹಂಡೆಯ ಸುತ್ತ ಒಮ್ಮೆ ಬಂದು, ಒಲೆಯ ಉರಿಯನ್ನು ಸ್ವಲ್ಪ ತಗ್ಗಿಸಿದಳು. ಅವಳು ಗೇಟಿನ ಮೇಜಿಗೆ ಬಂದಾಗ ಸಾಲಿನಲ್ಲಿ ಗುಸುಗುಸು ಎದ್ದಿತು.

"ದೊಡ್ಡ ಸೌಟು ಬಂತು ನೋಡ್ರೋ," ಎಂದ ತಾತ. "ಎಲ್ಲಿ ಹೋಗಿದ್ಯಮ್ಮ ಇಷ್ಟು ದಿನ? ನಿನ್ನ ತಂಗಿ ಉಪ್ಪಲ್ಲಿ ಬಲೇ ಜಿಪುಣಿ."

"ಬಿ.ಪಿ. ಇರೋರಿಗೆ ಅಷ್ಟೇ ಸಾಕು ತಾತ," ಎಂದಳು ಅಕ್ಕ. ತಂಗಿಯ ಕೈಯಿಂದ ಸೌಟು ತೆಗೆದುಕೊಂಡಳು.

ಅವಳು ಬಡಿಸುವುದನ್ನು ತಂಗಿ ಪಕ್ಕದಲ್ಲಿ ಅನ್ನದ ಪೊಟ್ಟಣ ಹಿಡಿದು ನೋಡುತ್ತಿದ್ದಳು. ತಳಕ್ಕೆ ಸೌಟು ಇಳಿಸಿ, ಒಂದು ಸುತ್ತು ತಿರುವಿ, ತಿರುಗುವಿಕೆ ನಿಲ್ಲುವ ಮುಂಚೆ ಎತ್ತುವುದು. ಪ್ರತಿಯೊಬ್ಬರಿಗೂ ಹಾಗೇ. ಮೇಜಿನಿಂದ ಎರಡನೆಯ ವೃತ್ತಕ್ಕೆ ಬಂದಾಗ ಸ್ಟುಡಿಯೋದಮ್ಮ ತಲೆ ಎತ್ತಿ ಅಕ್ಕನನ್ನು ನೋಡಿದಳು. ಕಾಲು ಒಂದು ಹೆಜ್ಜೆ ಹಿಂದಕ್ಕೆ ಹೋಯಿತು. ಆದರೆ ಮಗಳು ಆಗಲೇ ಓಡಿಬಂದು ಮೇಜಿಗೆ ಗಲ್ಲ ಊರಿದ್ದಳು.

ಅಕ್ಕ ಚೀಲದ ಕಡೆ ನೋಡಿದಳು. "ಮುಚ್ಚಳ ತೆಗೀರಿ," ಎಂದಳು.

ಮಾತು ಮೆತ್ತಗಿತ್ತು. ಸಾಲಿನಲ್ಲಿ ಇಬ್ಬರು ಮೂವರು ತಾಯಂದಿರು ಇತ್ತ ತಿರುಗಿದರು. ಸ್ಟುಡಿಯೋದಮ್ಮ ಡಬ್ಬಿಯನ್ನು ಹೊರಗೆ ತೆಗೆದಳು, ಮುಚ್ಚಳ ಬಿಚ್ಚಿದಳು. ಅಕ್ಕ ಮುಚ್ಚಳವನ್ನು ಇಸಿದುಕೊಂಡು ಹುಡುಗಿಯ ಕೈಗೆ ಕೊಟ್ಟಳು. ತಳದಿಂದ ಎತ್ತಿದ ಸೌಟು ಡಬ್ಬಿಗೆ ದೊಪ್ಪನೆ ಬಿತ್ತು. ಎರಡನೆಯದೂ ಬಿತ್ತು.

"ಸಾಕು," ಎಂದಳು ಸ್ಟುಡಿಯೋದಮ್ಮ.

"ಇರ್ಲಿ, ಬೆಳೆಯೋ ಮಗು."

"ಸಾಕು... ಸಾಕು ಅಂದ್ನಲ್ಲ."

"ಇಷ್ಟು ದಿನದ ಬಾಕಿ ಇದೆ," ಎಂದು ಅಕ್ಕ ಇನ್ನೊಂದು ಸೌಟು ಎತ್ತಿದಳು. ಈಗ ಅವಸರ ಮಾಡದೆ, ಅಂಚಿನ ಪಕ್ಕದಿಂದ ತೆಳ್ಳಗೆ ಬಿಟ್ಟಳು. ಸಾರು ಡಬ್ಬಿಯ ಅಂಚಿಗೆ ಬಂದಿತು. ಅಂಚನ್ನೂ ದಾಟಿ, ಚೆಲ್ಲದೆ, ಕಣ್ಣಿನ ಗುಡ್ಡೆಯ ಹಾಗೆ ಉಬ್ಬಿ ನಿಂತಿತು. ಇನ್ನೊಂದು ಹನಿ ಬಿದ್ದರೆ ಒಡೆದು ಹರಿಯುವ ಸ್ಥಿತಿ. ಆ ಹನಿಯನ್ನು ಅಕ್ಕ ಸೌಟಿನಲ್ಲೇ ಉಳಿಸಿಕೊಂಡಳು.

ಸ್ಟುಡಿಯೋದಮ್ಮ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು ನಿಂತಳು. ಅಲುಗಿದರೆ ಬಿಸಿ ಸಾರು ಬೆರಳ ಮೇಲೆ. "ಮುಚ್ಚಳ ಹಾಕೋಕಾಗಲ್ಲ," ಎಂದಳು. ದನಿ ಹೊರಗೆ ಬಂತೋ ಇಲ್ಲವೋ. "ಚೀಲಕ್ಕೂ ಹೋಗಲ್ಲ. ಸ್ವಲ್ಪ ತೆಗೆದುಬಿಡಿ."

"ಹಾಗೇ ತಗೊಂಡ್ಹೋಗಿ," ಎಂದಳು ಅಕ್ಕ. "ಯಾರು ನೋಡಿದ್ರೆ ಏನಂತೆ? ಕದ್ದಿದ್ದಲ್ವಲ್ಲ."

ತಾತ ತನ್ನ ಕ್ಯಾನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡ. ತಂಗಿ ಅನ್ನದ ಪೊಟ್ಟಣ ಚಾಚಿದಳು. ತೆಗೆದುಕೊಳ್ಳಲು ತಾಯಿಗೆ ಕೈಯಿರಲಿಲ್ಲ. ತಂಗಿ ಅದನ್ನು ಹುಡುಗಿಯ ಕಂಕುಳಿಗೆ ಸಿಕ್ಕಿಸಿದಳು.

ಸ್ಟುಡಿಯೋದಮ್ಮ ಓಣಿಯ ಕಡೆಗೆ ತಿರುಗಿದಳು. ಒಡೆದ ಚಪ್ಪಡಿಗಳನ್ನು ನೋಡಿದಳು, ಡಬ್ಬಿಯನ್ನು ನೋಡಿದಳು. ಆಮೇಲೆ ದೊಡ್ಡ ಬೀದಿಯ ಕಡೆ ಹೆಜ್ಜೆಯ ಮುಂದೆ ಹೆಜ್ಜೆ ಇಡತೊಡಗಿದಳು. ಮನೆಗಳಲ್ಲಿ ಕೂಡಿಬಿದ್ದ ಜನಕ್ಕೆ ಬೀದಿಯನ್ನು ನೋಡುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ, ಕಿಟಕಿಗಳೆಲ್ಲ ತೆರೆದಿದ್ದವು. ಮುಂದೆ ಮಗಳು ಹೊರಟಿದ್ದಳು. ಬೇಳೆ ಬಂದ ಖುಷಿಯೋ ಏನೋ, ಅವಳು ಮುಚ್ಚಳವನ್ನು ಎದೆಗೆ ಆನಿಸಿಕೊಂಡು ಗೆಣ್ಣಿನಿಂದ ಬಡಿಯತೊಡಗಿದಳು. ಟಣ್, ಟಣ್, ಟಣ್. ಮುಂದಿನ ಬಾಗಿಲೊಂದು ತೆರೆಯಿತು. ಅದರ ಮೇಲಿನ ಮಹಡಿಯಲ್ಲಿ ಇಬ್ಬರು ಕಟಕಟೆಗೆ ಬಂದು ಬಾಗಿದರು.

"ಏಯ್, ಬಡೀಬೇಡ," ಎಂದಳು ತಾಯಿ. ಡಬ್ಬಿಯಿಂದ ಕಣ್ಣು ತೆಗೆಯುವ ಹಾಗಿರಲಿಲ್ಲ, ಕೈ ಬಿಡುವ ಹಾಗಿರಲಿಲ್ಲ. ಮಗಳಿಗೆ ಕೇಳಿಸಲಿಲ್ಲ.

ಇಷ್ಟು ದಿನ ಹೊಟ್ಟೆಯಲ್ಲಿ ತಣ್ಣಗಿದ್ದದ್ದು ತಂಗಿಗೆ ಈಗ ಎಲ್ಲಿದೆಯೆಂದು ತಿಳಿಯಲಿಲ್ಲ. ನಗು ಬರಬೇಕಿತ್ತು. ಮನೆಗೆ ಹೋಗಿ ಯಾರಿಗೂ ಅಭಿನಯಿಸಿ ತೋರಿಸುವಂಥದ್ದಲ್ಲ ಇದು. ಅವಳು ಅಕ್ಕನ ಮುಖ ನೋಡಲು ತಿರುಗಿದಳು. ಅಕ್ಕ ಅಲ್ಲಿರಲಿಲ್ಲ. ಸೌಟನ್ನು ಹಂಡೆಗೆ ಆನಿಸಿಟ್ಟು ಅಡುಗೆಮನೆಯೊಳಗೆ ಹೋಗಿದ್ದಳು.

ತಂಗಿ ಉಳಿದವರಿಗೆ ಬಡಿಸಿದಳು, ಪ್ರತಿ ಸಲ ತಳದಿಂದ ತಿರುವಿ. ಒಳಗೆ ಅಕ್ಕ ಅನ್ನದ ಹಂಡೆಯನ್ನು ಮಗ್ಗುಲಿಗೆ ಮಲಗಿಸಿ, ಅದರೊಳಗೆ ಅರ್ಧ ಮೈ ತೂರಿ, ಹಿಡಿ ಸವೆದ ಮೊಗಚುವ ಕೈಯಿಂದ ತಳ ಕೆರೆಯುತ್ತಿದ್ದಳು. ಬೀದಿಯಿಂದ ಟಣ್ ಟಣ್ ಕೇಳುತ್ತಿತ್ತು. ಕೆರೆತ ನಿಂತಿತು. ಸದ್ದು ಸ್ಟುಡಿಯೋದ ತಿರುವು ದಾಟಿ, ಸಣ್ಣದಾಗಿ, ಆಮೇಲೆ ಕೇಳಿಸದಾಗುವವರೆಗೂ ಹಂಡೆಯೊಳಗೆ ಏನೂ ಅಲುಗಲಿಲ್ಲ. ಮತ್ತೆ ಕೆರೆತ ಶುರುವಾಯಿತು. ಕಂದು ಹತ್ತಿದ ಅನ್ನದ ಚಕ್ಕೆಯೊಂದು ತಳಬಿಟ್ಟು ಎದ್ದು, ಹಂಡೆಯ ಬಾಯಿಗೆ ಜಾರಿ ಬಂದು ನಿಂತಿತು. ಅಕ್ಕ ಅದನ್ನು ಎತ್ತಿ, ಮುರಿದು, ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ಬಾಗಿಲಲ್ಲಿ ನಿಂತಿದ್ದ ತಂಗಿಯ ಕಡೆಗೆ ಚಾಚಿದಳು.