ಗುಬ್ಬಿಯ ಕಪ್ಪು ಚಿತ್ರ

“ಮಿಸ್, ಮಧ್ಯದಲ್ಲಿ ಜಾಗನೇ ಇಲ್ಲ!”

ಕನ್ನಡಕದ ಹುಡುಗ ಗೋಂದು ಮೆತ್ತಿದ ಬೆರಳನ್ನು ಮೇಲೆತ್ತಿ ಹಿಡಿದು ಕೂಗಿದ. ಅವನ ಹಿಂದೆ ಚಿತ್ರ ಹಿಡಿದ ಮಕ್ಕಳ ಸಾಲು ಬಾಗಿಲವರೆಗೂ ಬೆಳೆದಿತ್ತು. ಟೀಚರ್ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ನೀರಿನ ಬಕೆಟ್ಟನ್ನೇ ಬೋರಲು ಹಾಕಿ, ದೊಡ್ಡ ಹಾಳೆಯ ಮೇಲೆ ಒಂದಕ್ಕೊಂದು ಹೊಕ್ಕ ಎರಡು ವೃತ್ತ ಎಳೆದಿದ್ದಳು. ಎಡಕ್ಕೆ ‘ನಮ್ಮ ದೇಶ’, ಬಲಕ್ಕೆ ‘ಪಕ್ಕದ ದೇಶ’, ನಡುವೆ ‘ಇಬ್ಬರಲ್ಲೂ’. ಮನೆಯಲ್ಲಿ ಹಬ್ಬ ಹೇಗೆ ಮಾಡುತ್ತಾರೋ ಅದನ್ನು ಚಿತ್ರ ಬರೆದು ತರಬೇಕು, ಪಕ್ಕದ ದೇಶದ ಹಬ್ಬದ ಬಗ್ಗೆ ಪುಸ್ತಕದಲ್ಲಿರುವ ಪಾಠದ ಜೊತೆ ಹೋಲಿಸಿ ಸರಿಯಾದ ಜಾಗಕ್ಕೆ ಅಂಟಿಸಬೇಕು. ಹೊಸ ಬಟ್ಟೆ ನಡುವಿಗೆ ಹೋಯಿತು. ಮನೆ ತೊಳೆಯುವುದೂ ಅಲ್ಲಿಗೇ. ನೆಂಟರು, ಸಿಹಿ, ಹಿರಿಯರ ಕಾಲಿಗೆ ಬೀಳುವುದು, ಮಕ್ಕಳ ಜಗಳ, ಎಲ್ಲವೂ ನಡುವೆಯೇ ಗುಡ್ಡೆ ಬಿದ್ದಿತ್ತು. ಅಕ್ಕಪಕ್ಕ ಬಿಳಿ ಹಾಳೆ ಬಿಕೋ ಅನ್ನುತ್ತಿತ್ತು.

ಶಾಲೆಯ ಮುಖ್ಯಸ್ಥೆ ದೊಡ್ಡ ಮಿಸ್ ಟೀಚರ್ ಹತ್ತಿರ ಬಂದು, ನಗುಮುಖ ಹಾಗೇ ಇಟ್ಟುಕೊಂಡು ಹಲ್ಲಿನ ಸಂದಿಯಲ್ಲಿ ಪಿಸುಗುಟ್ಟಿದರು. “ಎಡಕ್ಕೂ ಬಲಕ್ಕೂ ಒಂಚೂರು ತುಂಬಿಸಮ್ಮಾ. ಸಾಹೇಬ್ರು ಏನಂದ್ಕೋತಾರೆ? ಎರಡೂ ಒಂದೇ ದೇಶ ಅನ್ನೋ ಹಾಗಿದೆ.”

ತಪಾಸಣೆಗೆ ಬಂದ ಸಾಹೇಬರು ಕೊನೆಯ ಬೆಂಚಿನಲ್ಲಿ, ಮೊಣಕಾಲು ಎದೆಗೆ ತಾಗುವಂತೆ ಮುದುಡಿ ಕುಳಿತಿದ್ದರು. ಇವತ್ತಿನ ಈ ಪಾಠ ಅವರಿಗೆ ಒಪ್ಪಿಗೆಯಾದರೆ ಅವಳ ಕೆಲಸ ಕಾಯಂ. ಇಲ್ಲದಿದ್ದರೆ ಪ್ರತಿ ರಜೆ ಮುಗಿದಾಗಲೂ, ಶಾಲೆಯಿಂದ ಕರೆ ಬರುತ್ತದೋ ಇಲ್ಲವೋ ಎಂದು ಫೋನನ್ನು ಒಲೆಯ ಪಕ್ಕದಲ್ಲೇ ಇಟ್ಟುಕೊಂಡು ಅಡುಗೆ ಮಾಡುವುದು ಇದ್ದೇ ಇತ್ತು. ಗಂಡ ಬೆಳಿಗ್ಗೆ ಸರಕಿನ ವ್ಯಾನ್ ಹತ್ತುವ ಮುಂಚೆ, “ಪುಸ್ತಕದಲ್ಲಿ ಇದ್ದಷ್ಟು ಹೇಳು, ಸಾಕು,” ಅಂದಿದ್ದ. ಯಾಕೆ ಹಾಗಂದ ಎಂದು ಅವಳೂ ಕೇಳಲಿಲ್ಲ, ಅವನೂ ಬಿಡಿಸಿ ಹೇಳಲಿಲ್ಲ.

ಬಲಗಡೆಯ ವೃತ್ತದಲ್ಲಿ ಏನೇನು ಬರಬೇಕೆಂದು ಈ ಕೋಣೆಯಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಅವಳು ಹುಟ್ಟಿ ಬೆಳೆದದ್ದು ಆ ವೃತ್ತದೊಳಗೆ. ಮದುವೆಯಾಗಿ ಬಂದ ಮರುದಿನವೇ ಅತ್ತೆ ಪಕ್ಕ ಕೂರಿಸಿಕೊಂಡು ಹೇಳಿದ್ದರು: “ಎಲ್ಲಿಯವಳು ಅಂತ ಯಾರಾದ್ರೂ ಕೇಳಿದ್ರೆ ದೂರದ ಊರು ಅನ್ನು. ಸುಳ್ಳೇನಲ್ಲವಲ್ಲ, ದೂರಾನೇ ತಾನೆ?” ಆಗ ನಗು ಬಂದಿತ್ತು. ಗಡಿಯಲ್ಲಿ ಗುಂಡು ಹಾರತೊಡಗಿದ ಮೇಲೆ ನಗು ಬರುವುದು ನಿಂತಿತು. ಬೀದಿಯ ತುದಿಯ ದರ್ಜಿಯ ಹೆಂಡತಿ ಆ ಕಡೆಯವಳೆಂದು ಗೊತ್ತಾದ ವಾರ, ಜನ ಅರ್ಧ ಹೊಲಿದ ಬಟ್ಟೆಯನ್ನು ದಾರ ನೇತಾಡುತ್ತಿದ್ದ ಹಾಗೇ ವಾಪಸ್ ಒಯ್ದಿದ್ದರು. ಅತ್ತೆಯೂ ಹೋಗಿ ತಮ್ಮ ರವಿಕೆ ತಂದಿದ್ದರು. ತಂದು, ಸೊಸೆಯ ಕೈಗೆ ಸೂಜಿ ಕೊಟ್ಟಿದ್ದರು.

“ಮುಂದೆ ಯಾರು?” ಎಂದಳು ಟೀಚರ್.

ಗುಬ್ಬಿ ಬಂದಳು. ಅವಳ ಮಗಳು. ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ, ಮಾತಿನಲ್ಲಿ ಎಲ್ಲರಿಗಿಂತ ಉದ್ದ. ಮೂರು ದಿನದಿಂದ ಚಿತ್ರವನ್ನು ಹೊಟ್ಟೆಗೆ ಅವುಚಿಕೊಂಡು, “ನೀನು ನೋಡ್ಬಾರ್ದು, ಕ್ಲಾಸಲ್ಲೇ ನೋಡು,” ಎನ್ನುತ್ತಿದ್ದಳು. ಪಾತ್ರೆ, ಬಟ್ಟೆ, ಪಾಠದ ತಯಾರಿಗಳ ನಡುವೆ ಕಿತ್ತುಕೊಂಡು ನೋಡುವಷ್ಟು ಪುರುಸೊತ್ತು ತಾಯಿಗೂ ಇರಲಿಲ್ಲ.

ಗುಬ್ಬಿ ಹಾಳೆಯನ್ನು ಎತ್ತಿ ಹಿಡಿದಳು. ಪೂರ್ತಿ ಕಪ್ಪು. ಮೂಲೆ ಮೂಲೆಗೂ ಒತ್ತಿ ಒತ್ತಿ ಬಳಿದ ಕಪ್ಪು ಬಣ್ಣ ಮೇಣದಂತೆ ಹೊಳೆಯುತ್ತಿತ್ತು.

ತರಗತಿ ಗೊಳ್ಳೆಂದಿತು. “ಕರೆಂಟ್ ಹೋಗಿದೆ ಮಿಸ್!” ಎಂದ ಹಿಂದಿನ ಬೆಂಚಿನ ಬಾಯಿಬಡುಕ. ಸಾಹೇಬರೂ ನಕ್ಕು ಎದ್ದು ಬಂದರು. “ಏನಮ್ಮಾ ಇದು? ಎಮ್ಮೆನಾ?”

“ಎಮ್ಮೆ ಅಲ್ಲ ಸಾರ್, ನಮ್ಮನೆ,” ಎಂದಳು ಗುಬ್ಬಿ, ಒಂಚೂರೂ ಅಂಜದೆ. “ವರ್ಷದ ಕೊನೇ ರಾತ್ರಿ. ಎಲ್ಲಾ ದೀಪ ಆರಿಸ್ಬೇಕು. ಅಜ್ಜಿ ಇಲ್ಲಿದಾರೆ, ಅಮ್ಮ ಇಲ್ಲಿ, ನಾನು ಅಮ್ಮನ ತೊಡೆ ಮೇಲೆ. ಕತ್ತಲಲ್ವಾ, ಅದಕ್ಕೇ ಕಾಣಲ್ಲ. ಯಾರೂ ಮಾತಾಡ್ಬಾರ್ದು. ದೂರ ಇರೋರ ಹೆಸರನ್ನ ಮನಸ್ಸಲ್ಲೇ ಹೇಳ್ಕೋಬೇಕು. ಅಜ್ಜಿ ಮಾತ್ರ ‘ಮುಗೀತೇನೇ ನಿನ್ನ ಕತ್ತಲು, ಸೊಳ್ಳೆ ಕಚ್ತಿದೆ’ ಅಂತಾರೆ. ಆಮೇಲೆ ದೀಪ ಹಚ್ಚೋದು.”

ಟೀಚರ್ ಕೈಯಲ್ಲಿದ್ದ ಗೋಂದಿನ ಡಬ್ಬಿಯ ಮುಚ್ಚಳವನ್ನು ತಿರುಗಿಸಿದಳು. ಮತ್ತೆ ತಿರುಗಿಸಿದಳು. ಮನೆಯಲ್ಲಿ ಮಾಡುವುದನ್ನೇ ಬರೆಯಿರಿ, ಪುಸ್ತಕ ನೋಡಬೇಡಿ ಎಂದು ಎಲ್ಲ ಮಕ್ಕಳಿಗೂ ಒತ್ತಿ ಒತ್ತಿ ಹೇಳಿದವಳು ಅವಳೇ. ಆ ಮಕ್ಕಳಲ್ಲಿ ತನ್ನ ಮಗಳೂ ಒಬ್ಬಳು ಎಂಬುದು ಅವಳ ತಲೆಗೇ ಬಂದಿರಲಿಲ್ಲ.

ಕನ್ನಡಕದ ಹುಡುಗ ಪುಸ್ತಕ ತೆರೆದು ಸಾಲಿನ ಮೇಲೆ ಬೆರಳಿಟ್ಟ. “ಮಿಸ್, ಅದು ಅವರದ್ದು! ಇಲ್ಲೇ ಕೊಟ್ಟಿದಾರೆ. ‘ಪಕ್ಕದ ದೇಶದವರು ವರ್ಷದ ಕೊನೆಯ ರಾತ್ರಿ ಮನೆಯನ್ನು ಕತ್ತಲು ಮಾಡಿ ಕೂರುತ್ತಾರೆ. ನಾವು ದೀಪ ಆರಲು ಬಿಡುವುದಿಲ್ಲ.’”

“ಗುಬ್ಬಿ ಆ ದೇಶದವಳು! ಗುಬ್ಬಿ ಆ ದೇಶದವಳು!” ಬಾಯಿಬಡುಕ ಬೆಂಚು ಬಡಿದ. ಇನ್ನಿಬ್ಬರು ದನಿಗೂಡಿಸಿದರು. ಸಾಹೇಬರ ನಗು ಮುಖದ ಮೇಲೇ ಇತ್ತು, ಆದರೆ ಹುಬ್ಬು ಗಂಟಿಕ್ಕಿತ್ತು.

“ಯಾರ ಮನೆ ಮಗು ಇದು?”

“ಇವರದ್ದೇ ಸರ್,” ಎಂದರು ದೊಡ್ಡ ಮಿಸ್. ಅವರ ನಗು ಯಾವಾಗಲೋ ಇಳಿದುಹೋಗಿತ್ತು.

ಎಲ್ಲರೂ ಟೀಚರ್ ಕಡೆ ತಿರುಗಿದರು. ಗುಬ್ಬಿಯೂ ತಿರುಗಿದಳು. ಅವಳ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ. ಸಾಕ್ಷಿ ಎದುರಿಗೇ ನಿಂತಿರುವಾಗ ಹೆದರಿಕೆ ಯಾಕೆ? “ಹೇಳಿ ಮಿಸ್, ಮಾಡ್ತೀವಲ್ವಾ? ಹೋದ ಸಲ ನೀವು ಅತ್ತಿದ್ರಲ್ಲ, ನನ್ನ ಕೂದಲೆಲ್ಲ ಒದ್ದೆಯಾಗಿತ್ತು.”

ಕಿಟಕಿಯಾಚೆ ಯಾವುದೋ ತರಗತಿ ಮಗ್ಗಿ ಒಪ್ಪಿಸುತ್ತಿತ್ತು. ಹೌದು ಎಂದು ಒಂದು ಮಾತು ಅಂದರೆ ಮಧ್ಯಾಹ್ನದೊಳಗೆ ಅದು ಬೀದಿ ಮುಟ್ಟುತ್ತದೆ. ನಾಳೆ ಗಂಡನ ವ್ಯಾನಿಗೆ ಸರಕು ತುಂಬುವವರು ಇರುವುದಿಲ್ಲ. ಈ ತರಗತಿಯ ಬಾಗಿಲಲ್ಲಿ ಬೇರೆ ಯಾರೋ ನಿಂತಿರುತ್ತಾರೆ. ಅಷ್ಟೆಲ್ಲ ಅವಳು ಯೋಚಿಸಿದಳೆಂದೂ ಅಲ್ಲ. ಬಾಯಿ ತಾನಾಗಿ ತೆರೆದುಕೊಂಡಿತು.

“ಇಲ್ಲ ಸರ್. ಪಾಠ ಓದಿ ಕಲ್ಪನೆ ಮಾಡ್ಕೊಂಡಿದಾಳೆ. ಕತೆ ಕಟ್ಟೋದರಲ್ಲಿ ಇವಳದು ಎತ್ತಿದ ಕೈ. ನಮ್ಮನೇಲಿ ಹಾಗೆಲ್ಲ ಮಾಡಲ್ಲ.”

ದನಿ ನಡುಗಲಿಲ್ಲ. ಇಷ್ಟು ಸಲೀಸಾಗಿ ಬಂತಲ್ಲ ಎಂದು ಅವಳಿಗೇ ದಿಗಿಲಾಯಿತು.

“ಹ್ಞಾ, ಮಕ್ಕಳು ಬಿಡಿ!” ಸಾಹೇಬರ ಹುಬ್ಬು ಸಡಿಲವಾಯಿತು. “ಆದರೂ ಒಳ್ಳೆ ಉದಾಹರಣೆನೇ ಸಿಕ್ತು. ಎಲ್ಲಿ ಅಂಟಿಸ್ಬೇಕು ಮರಿ, ನೀನೇ ಹೇಳು?”

ಗುಬ್ಬಿ ಅಮ್ಮನನ್ನೇ ನೋಡುತ್ತಿದ್ದಳು. ಅಮ್ಮ ಗೋಂದಿನ ಡಬ್ಬಿ ಮುಂದೆ ಹಿಡಿದಳು. ಮಗಳು ಅದರಲ್ಲಿ ಬೆರಳದ್ದಿ, ಹಾಳೆಯ ಬೆನ್ನಿಗೆ ಸವರಿ, ತುದಿಗಾಲಲ್ಲಿ ನಿಂತು, ಬಲಗಡೆಯ ಖಾಲಿ ವೃತ್ತದಲ್ಲಿ ತನ್ನ ಮನೆಯನ್ನು ಅಂಟಿಸಿದಳು. ತರಗತಿ ಚಪ್ಪಾಳೆ ತಟ್ಟಿತು.

ಹೋಗುವಾಗ ಸಾಹೇಬರು, “ಚೆನ್ನಾಗಿತ್ತು, ನನ್ನ ಕಡೆಯಿಂದ ಆಯ್ತು ಅಂದ್ಕೊಳ್ಳಿ,” ಎಂದರು. ದೊಡ್ಡ ಮಿಸ್ ಅವಳ ಭುಜ ಹಿಂಡಿದರು. ವೃತ್ತಗಳ ದೊಡ್ಡ ಹಾಳೆಯನ್ನು ಹೊರಗಿನ ಪಡಸಾಲೆಯಲ್ಲಿ, ಬಂದವರ ಕಣ್ಣಿಗೆ ಬೀಳುವ ಕಡೆ ಹಾಕಬೇಕು, ವರ್ಷವಿಡೀ ಅಲ್ಲೇ ಇರಬೇಕು ಎಂದೂ ಹೇಳಿ ಹೋದರು.

ಶಾಲೆ ಖಾಲಿಯಾದ ಮೇಲೆ ತಾಯಿ ಮಗಳು ಇಬ್ಬರೇ ಉಳಿದರು. ಟೀಚರ್ ಸ್ಟೂಲಿನ ಮೇಲೆ ನಿಂತು ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದಳು. ಗುಬ್ಬಿ ಕೆಳಗಿನಿಂದ ಟೇಪನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ ಒಂದೊಂದೇ ಕೊಡುತ್ತಿದ್ದಳು.

“ಸೊಟ್ಟ ಇದೆಯೇನೇ?”

“ಇಲ್ಲ. ನೆಟ್ಟಗಿದೆ.”

“ಕೋಪಾನಾ?”

ಗುಬ್ಬಿ ಇನ್ನೊಂದು ತುಂಡು ಕಚ್ಚಿ ಕೊಟ್ಟಳು. ಆಮೇಲೆ ಕೇಳಿದಳು: “ಈ ವರ್ಷ ಅಜ್ಜಿಗೆ ನಾನು ಹೇಳ್ಲಾ, ನೀನು ಹೇಳ್ತೀಯಾ?”

“ಏನನ್ನ?”

“ದೀಪ ಆರಿಸೋದು ಬೇಡ ಅಂತ.”

ಗೋಡೆಯ ಸುಣ್ಣ ಪುಡಿಪುಡಿಯಾಗಿತ್ತು. ಬಲಗಡೆಯ ಮೂಲೆಯ ಟೇಪು ಮೆಲ್ಲಗೆ ಸುರುಳಿ ಸುತ್ತಿ ಎದ್ದು ಬಂತು. ಟೀಚರ್ ಅದನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದಾಗ ಅದು ಮತ್ತೆ ಎದ್ದಿತು. ಈ ಸಲ ಅಂಗೈಯನ್ನೇ ಅಗಲಿಸಿ ಒತ್ತಿ ಹಿಡಿದು, ಸ್ಟೂಲಿನಿಂದ ಇಳಿಯದೆ, ಹಾಗೇ ನಿಂತುಕೊಂಡಳು.