ಸಿಟ್ಟಿನಲ್ಲಿ ಪಾಲು

ಹುಡುಗಿಗೆ ಸಿಟ್ಟು ಬರುತ್ತದೆ ಎಂಬುದು ಮಲತಾಯಿಗೆ ಗೊತ್ತಾದದ್ದೇ ಶಾಲೆಯ ಚಿತ್ರಕಲೆಯ ಕೋಣೆಯ ಬಾಗಿಲಲ್ಲಿ ನಿಂತಾಗ.

ಅವಳು ಅದೇ ಶಾಲೆಯ ಕಚೇರಿಯಲ್ಲಿ ಗುಮಾಸ್ತೆ. ಯಾವ ಮಗು ಯಾವ ಗುಂಪಿಗೆ, ಯಾವ ಗುಂಪು ಯಾವ ಕೋಣೆಗೆ ಎಂಬುದೆಲ್ಲ ಅವಳ ಕಂಪ್ಯೂಟರಿನಲ್ಲೇ ತೀರ್ಮಾನವಾಗುತ್ತಿತ್ತು. ಹುಡುಗಿ ಅವಳ ಗಂಡನ ಮೊದಲ ಹೆಂಡತಿಯ ಮಗಳು. ಹೆತ್ತವಳು ತೀರಿಕೊಂಡು, ಇವಳು ಆ ಮನೆಗೆ ಕಾಲಿಟ್ಟ ದಿನದಿಂದ ಒಂದೇ ವ್ರತ ಹಿಡಿದಿದ್ದಳು: ಮಲತಾಯಿ ಅನ್ನಿಸಿಕೊಳ್ಳಬಾರದು. ಗದರಲಿಲ್ಲ, ಹುಬ್ಬು ಗಂಟಿಕ್ಕಲಿಲ್ಲ. ಹೊಸ ಚಾಪೆಯ ಮೇಲೆ ಹಾಲು ಚೆಲ್ಲಿದರೂ ನಕ್ಕಳು. ಹುಡುಗಿಯೂ ಅವಳಿಗೆ ತಕ್ಕವಳೇ. ಉಂಡ ತಟ್ಟೆ ತೊಳೆದಿಡುತ್ತಾಳೆ, ಕೇಳಿದಷ್ಟಕ್ಕೆ ಉತ್ತರ ಕೊಡುತ್ತಾಳೆ, ನಾಳೆ ಬೆಳಿಗ್ಗೆ ಊರಿಗೆ ಹೊರಡಲಿರುವ ನೆಂಟರ ಮಗುವಿನ ಹಾಗೆ. ಪಕ್ಕದ ಮನೆಯವರು “ಪುಣ್ಯ ಮಾಡಿದೀರಿ” ಅನ್ನುತ್ತಿದ್ದರು. ಅವಳು ಅದಕ್ಕೂ ನಗುತ್ತಿದ್ದಳು.

ಆ ದಿನ ಹಾಜರಿ ತರಲು ಹೋದವಳಿಗೆ ಒಳಗಿನಿಂದ ಕೂಗು ಕೇಳಿಸಿತು.

“ಯಾವಾಗ ನೋಡಿದ್ರೂ ನಗ್ತಾನೇ ಇರ್ತೀಯಲ್ಲ! ಒಂದ್ಸಲನಾದ್ರೂ ಬೈಯಿ ನೋಡೋಣ!”

ಹುಡುಗಿಯ ದನಿ. ಕೋಣೆಯ ಮೂಲೆಯಲ್ಲಿ ಚಿತ್ರಕಲೆಯ ಟೀಚರ್ ನೆಲದ ಮೇಲೆ ಕೂತಿದ್ದಳು. ಅವಳ ಕೈಗೆ ತೊಟ್ಟ ಹಳೆಯ ಕಾಲುಚೀಲದ ಗೊಂಬೆ, ಗುಂಡಿಯ ಕಣ್ಣು, ಕಿವಿಯವರೆಗೂ ಕೆಂಪು ನೂಲಿನ ನಗು. ಹುಡುಗಿ ಅದರ ಮೂತಿಗೆ ಬೆರಳು ಕುಕ್ಕುತ್ತಾ ಕೂಗಿದಳು, ಕೂಗುತ್ತಲೇ ಅತ್ತಳು, ಕೊನೆಗೆ ಟೀಚರ ಮಡಿಲಿಗೆ ಬಿದ್ದು ಅವಳ ಏಪ್ರನ್ನಿಗೇ ಮೂಗು ಒರೆಸಿಕೊಂಡಳು. ಮನೆಯಲ್ಲಿ ಕರ್ಚೀಫು ಇಲ್ಲದೆ ಸೀನದ ಹುಡುಗಿ!

ಬಾಗಿಲಲ್ಲಿ ನಿಂತವಳ ಹೊಟ್ಟೆಯೊಳಗೆ ಯಾರೋ ಕೆಂಡ ಕೆದಕಿದಂತಾಯಿತು. ಗೊಂಬೆ ಯಾರೆಂದು ಬೇರೆ ಹೇಳಬೇಕೆ? ಮನೆಯ ಗೋಡೆಯ ಫೋಟೋದಲ್ಲಿ ಹಗಲೂ ರಾತ್ರಿ ನಗುವವಳು ಇನ್ನಾರು? ನಗು ಸತ್ತವಳದು, ಮಡಿಲು ಟೀಚರದು. ತನಗೆ ಉಳಿದದ್ದು ತೊಳೆದ ತಟ್ಟೆ.

ಮಧ್ಯಾಹ್ನ ಟೀಚರನ್ನು ತಡೆದು ಕೇಳಿದಳು. “ಏನಮ್ಮಾ, ಅದು ಪಾಠಾನಾ, ಜಗಳಾನಾ?”

“ಎರಡೂ ಮೇಡಂ,” ಟೀಚರ್ ನಕ್ಕಳು. “ಬಾಯಿಗೆ ಬರದೇ ಇರೋದನ್ನ ಮಕ್ಕಳು ಗೊಂಬೆಗೆ ಹೇಳ್ತಾರೆ. ಅಲ್ಲಿ ರೂಢಿಯಾದ್ರೆ ಮನುಷ್ಯರ ಹತ್ರಾನೂ ಹೇಳೋಕೆ ಧೈರ್ಯ ಬರುತ್ತೆ.”

“ಮನೇಲಿರೋರು ಮನುಷ್ಯರಲ್ವಾ?”

“ಅಯ್ಯೋ, ಹಾಗಲ್ಲ ಮೇಡಂ...”

“ಯಾರು ಆ ಗೊಂಬೆ?”

“ಅದನ್ನ ಅವಳೇ ನಿಮಗೆ ಹೇಳ್ಬೇಕು.”

ಇಬ್ಬರ ನಡುವೆ ಗುಟ್ಟು ಬೇರೆ! ಪಾತ್ರೆ ಎತ್ತಲು ಬಂದ ಆಯಾ ಉರಿಯುವ ಒಲೆಗೆ ಸೌದೆ ತುರುಕಿದಂತೆ ಹೇಳಿದಳು. “ಬಿಡಿ ಮೇಡಂ, ನಿಮ್ ಹುಡುಗಿ ಆ ಟೀಚರಿಗೆ ಅಂಟು ಹಾಕ್ದಂಗೆ ಅಂಟ್ಕೊಂಡಿದಾಳೆ. ನಿಮಗೂ ಒಂಚೂರು ಬಿಡುವು.”

“ಹೂಂ, ಬಿಡುವೇ ಬಿಡುವು,” ಎಂದವಳು ನೇರ ತನ್ನ ಕಂಪ್ಯೂಟರಿನ ಮುಂದೆ ಹೋಗಿ ಕೂತು ಹುಡುಗಿಯನ್ನು ಚಿತ್ರಕಲೆಯಿಂದ ಕಿತ್ತು ಆಟದ ಗುಂಪಿಗೆ ಹಾಕಿದಳು. ಓಡಾಡಿದರೆ ಚೆನ್ನಾಗಿ ಹಸಿವಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಮನಸ್ಸು ಅದನ್ನು ನಂಬಲಿಲ್ಲ.

ಮರುದಿನ ಹುಡುಗಿ ಕಚೇರಿಗೆ ನುಗ್ಗಿದಳು, ಮುಖವೆಲ್ಲ ಕೆಂಪು.

“ನನ್ನನ್ನ ಆಟಕ್ಕೆ ಹಾಕಿದ್ದು ನೀವಾ?”

ಅವಳು ಅಭ್ಯಾಸಬಲದಿಂದ ನಕ್ಕಳು. “ಮೈಗೆ ಒಳ್ಳೇದಲ್ವಾ ಪುಟ್ಟಾ, ಗಾಳಿ ಬಿಸಿಲು...”

“ನಗಬೇಡ! ಆ ಗೊಂಬೆ ಥರಾನೇ ನಗ್ತೀಯ! ಹಾಲು ಚೆಲ್ಲಿದ್ರೂ ನಗ್ತೀಯ, ಲೆಕ್ಕದಲ್ಲಿ ಫೇಲಾದ್ರೂ ನಗ್ತೀಯ. ನಾನ್ ಏನ್ ಮಾಡಿದ್ರೂ ನಿಂಗೇನೂ ಅನ್ಸೋದೇ ಇಲ್ವಾ?”

ಅವಳ ನಗು ಮುಖದ ಮೇಲೇ ಹೆಪ್ಪುಗಟ್ಟಿತು. ಹಾಗಾದರೆ ಗೊಂಬೆ ಗೋಡೆಯ ಮೇಲಿನವಳಲ್ಲ. ಇಷ್ಟು ದಿನ ಆ ಕೋಣೆಯಲ್ಲಿ ಬೈಸಿಕೊಂಡವಳು ತಾನು. ಸಮಾಧಾನ ಮಾಡಿದ ಹೆಸರು ಮಾತ್ರ ಆ ಟೀಚರಿಗೆ.

“ಅನ್ಸಲ್ವಂತೆ!” ಅವಳು ಎದ್ದೇಬಿಟ್ಟಳು. “ಬಾಯ್ಮುಚ್ಚು! ಅವಳ ಮಡಿಲಲ್ಲಿ ಬಿದ್ದು ಹೊರಳಾಡಿ ಅಳ್ತೀಯ, ನನ್ ಮುಂದೆ ಒಂದ್ ಹನಿ ಕಣ್ಣೀರು ಹಾಕಿದೀಯಾ? ನಂಗೆ ಹೊಟ್ಟೆ ಉರೀತು. ಅದಕ್ಕೇ ತೆಗ್ದೆ!”

ಬಾಗಿಲಲ್ಲಿದ್ದ ಆಯಾ ಚಹಾದ ತಟ್ಟೆ ಹಿಡಿದುಕೊಂಡೇ ಹಿಂದಕ್ಕೆ ಸರಿದಳು. ಹುಡುಗಿ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು.

“ಹೊಟ್ಟೆ ಉರೀತಾ? ನನ್ನಿಂದಾನಾ?”

“ಮತ್ತಿನ್ಯಾರಿಂದ?”

ಹುಡುಗಿ ಕಂಪ್ಯೂಟರಿನತ್ತ ಬೆರಳು ತೋರಿಸಿದಳು. “ಸರಿ. ಈಗ ವಾಪಸ್ ಹಾಕು.”

ಹಾಕಿದಳು. ಹುಡುಗಿ ಕುಣಿಯುತ್ತಾ ಚಿತ್ರಕಲೆಯ ಕೋಣೆಯತ್ತ ಓಡಿದಾಗ ಕೆಂಡವೇನೂ ಆರಲಿಲ್ಲ. ಬೈಯಲು ಕಲಿಸಿದ್ದು ಕೂಡ ಆ ಟೀಚರೇ ಅಲ್ಲವೇ!

ಅಂದು ರಾತ್ರಿ ಹುಡುಗಿ ತಟ್ಟೆ ತಳ್ಳಿದಳು. “ನಂಗಿದು ಬೇಡ.”

“ಬೇಡ ಅಂದ್ರೆ ಎದ್ದು ಹೋಗು.”

ಹುಡುಗಿ ಎದ್ದು ಹೋಗಿ, ಮನೆ ಅದುರುವಂತೆ ಕೋಣೆಯ ಬಾಗಿಲು ಹಾಕಿಕೊಂಡಳು. ಗಂಡ ಗಾಬರಿಯಿಂದ ಅರ್ಧ ಎದ್ದ. “ಏನಾಯ್ತೇ? ನಾನು ಹೋಗಿ ಮಾತಾಡ್ಲಾ?”

“ಕೂತ್ಕೊಳ್ಳಿ ಸುಮ್ನೆ,” ಎಂದಳು ಅವಳು, ಎಂಜಲು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾ. “ಅಮ್ಮ ಮಗಳ ಜಗಳ. ನಿಮಗ್ಯಾಕೆ?”

ಆ ಸಿಟ್ಟಿನಲ್ಲಿ ಅವನಿಗೂ ಪಾಲು ಕೊಡುವ ಮನಸ್ಸು ಅವಳಿಗಿರಲಿಲ್ಲ.